ಹತ್ತೂವರೆಯ ಬೋರ್ಡು

ಬ್ರಹ್ಮಾವರ
೨೮-೯-೨೦೦೧, ಶುಕ್ರವಾರ

ನಿಖಿತಾಳ ಅಪ್ಪನಿಗೆ,

ಸಿಟ್ಟು ಇನ್ನೂ ಇಳಿದಿಲ್ಲ ಎಂದು ಮೊದಲೇ ತಿಳಿಸುತ್ತಾ, ಆದರೂ ನಮಸ್ಕಾರಗಳು. ನಾನೂ ಅಮ್ಮನೂ ಇಲ್ಲಿ ಆರಾಮ. ನೀವು ಮಗಳಿಗೆ ದಿನಾ ಆಮ್ಲೆಟ್ಟೇ ತಿನ್ನಿಸುತ್ತಿದ್ದೀರಂತೆ. ಗಾಡಿಯಲ್ಲಿ ಊರಿಗೆಲ್ಲ ಮಾಡಿಕೊಡುವುದನ್ನೇ ಮನೆಯಲ್ಲೂ ಮಾಡಿದರೆ ಆ ಮಗುವಿನ ಗತಿ ಏನು? ಒಂದು ದಿನವಾದರೂ ತಿಳಿಸಾರು ಮಾಡಿ ಮಾರಾಯ್ರೆ.

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಹನ್ನೆರಡರ ಬಸ್ಸಿನ ಕಂಡಕ್ಟರ್ ಪ್ರೇಮಾನಂದನ ಕೈಯಲ್ಲಿ ಕೊಡುತ್ತೇನೆ, ಅವನು ನಾವುಂದದಲ್ಲಿ ನಿಮ್ಮ ಗಾಡಿಯ ಮುಂದೆಯೇ ಇಳಿದು ಕೊಡುತ್ತಾನೆ. ಅವಸರ ಯಾಕೆಂದರೆ ವನಜ ಊರು ಮುಟ್ಟುವ ಮೊದಲು ಇದು ನಿಮ್ಮನ್ನು ಮುಟ್ಟಬೇಕು. ನಮ್ಮ ಮಹಿಳಾ ಸಂಘದ ಕಾರ್ಯದರ್ಶಿ ಎಂಥವಳೆಂದು ನಿಮಗೂ ಗೊತ್ತು. ಪುಣ್ಯಕ್ಕೆ ಅವಳು ಕುಂದಾಪುರದಲ್ಲಿ ಇಳಿಯುವವಳು. ಅಲ್ಲಿಯ ಸೀರೆ ಅಂಗಡಿಗಳನ್ನೆಲ್ಲ ಹತ್ತಿ ಇಳಿಯದೆ ಮುಂದಿನ ಬಸ್ ಹತ್ತುವುದಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮನ್ನು ಕರೆಸಲು ಪಕ್ಕದ ವೈನ್ ಶಾಪಿನ ಫೋನಿಗೇ ಮಾಡಬೇಕಲ್ಲ. ಅದಕ್ಕೆ ಇವತ್ತು ನನಗೆ ಮುಖವಿಲ್ಲ.

ಮೊದಲು ನನ್ನ ಸಿಟ್ಟು ಹೇಳಿ ಮುಗಿಸುತ್ತೇನೆ. ಆ ಅಂಗಡಿ ಬೆಳಿಗ್ಗೆ ಏಳಕ್ಕೇ ತೆರೆಯುತ್ತದೆ. ಶಾಲೆಯ ಮಕ್ಕಳು ಬಸ್ಸಿಗೆ ಕಾಯುವುದೂ ಅಲ್ಲಿಯೇ. ತೂರಾಡುವವರಿಗೆ ಹೆದರಿ ನಮ್ಮ ಮಗಳು ಗದ್ದೆಯ ಅಂಚಿನಲ್ಲಿ ಸುತ್ತಿ ಬಳಸಿ ಹೋಗುತ್ತಾಳೆ. ಹತ್ತೂವರೆಯವರೆಗೆ ಮಾರಾಟ ಬೇಡ, ಗಾಂಧಿ ಜಯಂತಿಯ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಮೇಲೆ ಕಳಿಸೋಣ ಎಂದು ಮೊನ್ನೆ ಭಾನುವಾರದ ಸಭೆಯಲ್ಲಿ ಪಂಚಾಯತಿ ಅಧ್ಯಕ್ಷೆಯಾಗಿ ಕೇಳಿದೆ. ತಪ್ಪೇ? ಆಗ ನೀವು ಎದ್ದಿರಿ. ಎದ್ದವರು ಸುಮ್ಮನೆ ಮಾತಾಡಿದಿರಾ? "ಮಾನ್ಯ ಅಧ್ಯಕ್ಷರೇ" ಎಂದಿರಿ! ನನ್ನ ಕೈಯಡುಗೆ ಉಂಡು ಬೆಳೆದ ಆ ಹೊಟ್ಟೆಯಿಂದ ಈ ಮಾತು! "ರಾತ್ರಿಯಿಡೀ ಬಲೆ ಎಳ್ದ್ ಬಪ್ಪರಿಗೆ ಬೆಳಿಗ್ಗೆಯೇ ಸಂಜಿ, ಅವ್ರ್ ಎಲ್ಲಿಗ್ ಹೋಯ್ಕ್?" ಎಂದಿರಿ. ಕಡಲಿನಿಂದ ಬರುವವರಿಗೆ ಬೆಳಗೇ ಸಂಜೆಯಂತೆ, ಅವರು ಎಲ್ಲಿಗೆ ಹೋಗಬೇಕಂತೆ! ಗಂಡಸರೆಲ್ಲ ಚಪ್ಪಾಳೆ ಹೊಡೆದರು.

ಬೆಳಗಿನ ಗಿರಾಕಿ ಹೋದರೆ ನಿಮ್ಮ ಗಾಡಿಗೆ ಪೆಟ್ಟು ಎಂದು ನನಗೆ ಗೊತ್ತಿಲ್ಲವೇ? ಒಂದು ತೊಟ್ಟೂ ಮುಟ್ಟದ ನೀವು ಅದನ್ನು ಮನೆಯಲ್ಲಿ ನನ್ನ ಹತ್ತಿರ ಹೇಳಬಹುದಿತ್ತು. ನೋವಾದದ್ದು ಅದಕ್ಕೆ. ಸಭೆಯಿಂದ ಸೀದಾ ಬಸ್ ಹತ್ತಿದೆ. ಆ ಗಡಿಬಿಡಿಯಲ್ಲಿ ಬಾಗಿಲಲ್ಲಿದ್ದ ವನಜಳ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದೇನೆ. ಬಾ ಎಂದು ನೀವು ಕರೆಯಲಿಲ್ಲ, ಕರೆಯದೆ ಬರುವವಳು ನಾನಲ್ಲ.

ಈಗ ಇವತ್ತಿನ ಸಂಗತಿ. ಅಮ್ಮನ ತೋಟದ ಮೂಲೆಯ ದೈವದ ಕಲ್ಲಿಗೆ ಒಂದು ಹರಕೆ ಇತ್ತು. ಏನು ಹರಕೆ ಎಂದು ಕೇಳಬೇಡಿ, ಮುದುಕಿಯರಿಗೆ ನೂರೆಂಟು ಇರುತ್ತವೆ. ಕೋಳಿ ಪದಾರ್ಥ, ರೊಟ್ಟಿ, ಒಂದು ಲೋಟ ಕಳ್ಳು ಇಡಬೇಕು. ಅದೂ ಮರಗಳ ನೆರಳು ಸರಿದು ಕಲ್ಲಿನ ಮೇಲೆ ಬಿಸಿಲು ಬೀಳುವ ಮೊದಲು, ಅಂದರೆ ಹನ್ನೊಂದರೊಳಗೆ. ಕಳ್ಳು ಇಳಿಸುವ ಸೂರ ಮಗನ ಮನೆಗೆಂದು ಮುಂಬೈಗೆ ಹೋಗಿದ್ದಾನೆ. ಕಳ್ಳಿಲ್ಲದಿದ್ದರೆ ಬಾಟಲಿಯೂ ನಡೆಯುತ್ತದೆ ಎಂದಳು ಅಮ್ಮ. ಅವಳಿಗೆ ಮೊಣಕಾಲು ನೋವು. ಸೆರಗು ತಲೆಗೆ ಹೊದ್ದು ನಾನೇ ಹೊರಟೆ.

ಹೋದರೆ ಇಲ್ಲಿಯ ವೈನ್ ಶಾಪಿಗೆ ಶಟರ್ ಹಾಕಿದೆ. ಮೇಲೊಂದು ಬೋರ್ಡು: "ಮಹಿಳೆಯರ ಕೋರಿಕೆಯಂತೆ ಬೆಳಿಗ್ಗೆ ಹತ್ತೂವರೆಗೆ ತೆರೆಯಲಾಗುವುದು." ಯಾರಪ್ಪಾ ಈ ಮಹಿಳೆಯರು ಎಂದುಕೊಂಡೆ. ಆಮೇಲೆ ನೆನಪಾಯಿತು. ಹೋದ ಬೇಸಿಗೆಯಲ್ಲಿ ಇಲ್ಲಿಯ ಸಂಘದವರು ನನ್ನನ್ನೇ ಕರೆಸಿ ಭಾಷಣ ಮಾಡಿಸಿದ್ದರು. ನಾನು ಮೇಜು ಕುಟ್ಟಿ ಮಾತಾಡಿದ್ದೆ. ಅವರು ಅಂಗಡಿಯವನನ್ನು ಒಪ್ಪಿಸಿಯೇ ಬಿಟ್ಟಿದ್ದಾರೆ. ಮಾಡಿದ್ದುಣ್ಣೋ ಮಹಾರಾಯ!

ಹಂಚಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದವರು ಜಗಲಿಯಲ್ಲಿ ಸಾಲಾಗಿ ಕೂತಿದ್ದರು. ಒಬ್ಬ ಎದ್ದು, "ಹ್ವಾಯ್, ಬದಿಗ್ ಸರೀನಿ, ಹೆಂಗ್ಸ್ರ್ ಬಂದ್ರ್" ಎಂದು ನನ್ನನ್ನು ಸಾಲಿನ ತುದಿಗೆ ಕೂರಿಸಿದ. ಇಷ್ಟು ಮರ್ಯಾದೆ ನನಗೆ ನಮ್ಮ ಪಂಚಾಯತಿಯಲ್ಲೂ ಸಿಕ್ಕಿಲ್ಲ. ಅವನೇ ಮುಂದುವರಿಸಿದ: "ನಾವುಂದದ್ ಯಾರೋ ಹೆಂಗ್ಸ್ ಬಂದ್ ಭಾಷಣ ಮಾಡಿ ಈ ಬೋರ್ಡ್ ಹಾಕ್ಸಿದ್ದಂಬ್ರ್. ಬೆಂಕಿ ಮುಂದೆ ರಾತ್ರಿಯಿಡೀ ನಿಂತ್ಕಂಡ್ರೆ ಗೊತ್ತಾತಿತ್." ನಾನು ಏನು ಹೇಳಿದೆ ಗೊತ್ತೇ? ಹೌದೌದು, ಕೆಲವು ಹೆಂಗಸರಿಗೆ ಬೇರೆ ಕೆಲಸವಿಲ್ಲ ಎಂದೆ. ನಗಬೇಡಿ.

ಇಷ್ಟು ಹೊತ್ತಿಗೆ ಒಂದು ಬಟ್ಟಲು ಬಿಸಿ ಗಂಜಿ ಸಿಕ್ಕಿದರೆ ಈ ದರಿದ್ರಕ್ಕೆ ಯಾರು ಕಾಯುತ್ತಿದ್ದರು ಎಂದ ಒಬ್ಬ. "ನಾನ್ ಕಾಯ್ತಿದ್ದೆ" ಎಂದ ಅವನ ಪಕ್ಕದವನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸರಿಯಾಗಿ ಆಗಲೇ ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಬಸ್ಸು ಬಂದು ಎದುರಿಗೇ ನಿಂತಿತು. ಕಿಟಕಿಯಲ್ಲಿ ವನಜ! ಮೊದಲು ಬೋರ್ಡು ನೋಡಿದಳು, ಆಮೇಲೆ ನನ್ನ ಮುಖ, ಆಮೇಲೆ ಕಾಲು. ಚಪ್ಪಲಿ ಗುರುತಿಸಿದ ಮೇಲೆ ಸಂಶಯಕ್ಕೆ ಜಾಗವೆಲ್ಲಿ? ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು.

ಹತ್ತೂವರೆಗೆ ಶಟರ್ ಏಳುತ್ತಲೇ ಕೊಂಡ ಕ್ವಾರ್ಟರ್ ಬಾಟಲಿಯನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿ ಬರುವಾಗ ಬಿಸಿಲು ಕಲ್ಲಿನ ಹತ್ತಿರವೇ ಬಂದಿತ್ತು. ನನ್ನಮ್ಮ ಸಾಮಾನ್ಯಳೇ? ಕೊಡೆ ಬಿಚ್ಚಿ ದೈವಕ್ಕೆ ನೆರಳು ಹಿಡಿದು ನಿಂತಿದ್ದಳು. ಹಾಗೆ ಕೊಡೆಯ ಕೆಳಗೇ ಎಡೆ ಇಟ್ಟೆವು.

ಇಷ್ಟಾದರೂ ಗಾಂಧಿ ಜಯಂತಿಯ ದಿನ ನಾನು ಸುಮ್ಮನಿರುವುದಿಲ್ಲ. ಮಕ್ಕಳ ಬಸ್ಸು ಹೋಗುವವರೆಗೆ ಶಟರ್ ಏಳಬಾರದು. ಆದರೆ ಹತ್ತೂವರೆ ಬೇಡ, ಒಂಬತ್ತು ಸಾಕು. ಅಲ್ಲಿಯವರೆಗೆ ನಿಮ್ಮ ಗಾಡಿಯಲ್ಲಿ ಗಂಜಿ, ಬಂಗುಡೆ ಸಾರು, ಮಾವಿನ ಮಿಡಿ ಉಪ್ಪಿನಕಾಯಿ. ಕಡಲಿನಿಂದ ಬಂದವರು ಮೊದಲು ಹೊಟ್ಟೆಗೆ ಹಾಕಲಿ, ಆಮೇಲೆ ಅವರಿಷ್ಟ. ಗಂಜಿ ನಾನು ಬೇಯಿಸುತ್ತೇನೆ. ನಿಮಗೆ ವಿರೋಧವಿದ್ದರೆ ಸಭೆಯಲ್ಲಿ ಹೇಳಿ, ಬೇಡವೆನ್ನುವುದಿಲ್ಲ. ಆದರೆ ಹಿಂದಿನ ದಿನ ಮನೆಯಲ್ಲಿ ಊಟಕ್ಕೆ ಕೂತಾಗ ನನಗೆ ಹೇಳಿರಬೇಕು. "ಮಾನ್ಯ ಅಧ್ಯಕ್ಷರೇ" ಎಂದರೆ ಮಾತ್ರ ಗಂಜಿ ಇಲ್ಲ.

ಇಂತಿ,
ವನಜಳ ಚಪ್ಪಲಿಯಲ್ಲಿ ನಿಂತಿರುವ
ನಿಮ್ಮ ಸುಗುಣ

ಮಡಚಿದ ಮೇಲೆ ಬರೆದದ್ದು: ಹರಕೆ ಅಮ್ಮನದ್ದಲ್ಲ, ನನ್ನದು. ನೀವು ಬಂದು ನನ್ನನ್ನು ಕರೆದುಕೊಂಡು ಹೋಗಲಿ ಎಂದು ಹೇಳಿಕೊಂಡದ್ದು. ಕೆಲಸ ಆದ ಮೇಲೆ ಹರಕೆ ಸಲ್ಲಿಸುವುದು ಪದ್ಧತಿ. ನನಗೆ ಕಾಯಲಾಗಲಿಲ್ಲ, ಮುಂಚೆಯೇ ಕೊಟ್ಟುಬಿಟ್ಟೆ. "ಬೆಳಿಗ್ಗೆಯೇ ಕುಡ್ಸಿರೆ ದೈವವೂ ಕೆಲ್ಸ ಮಾಡ್ತಿಲ್ಲೆ ಮಗಾ" ಎಂದು ಅಮ್ಮ ನಗುತ್ತಿದ್ದಾಳೆ. ಆ ಮಾತು ಸುಳ್ಳಾಗಲಿ. ಪ್ರೇಮಾನಂದನ ಬಸ್ಸು ನಾಲ್ಕಕ್ಕೆ ಅಲ್ಲಿಂದ ತಿರುಗಿ ಹೊರಡುತ್ತದೆ. ಬರುವಾಗ ನನ್ನ ಚಪ್ಪಲಿ ತನ್ನಿ.