ವೀಲ್‌ಚೇರಿನಲ್ಲಿ ಅಪ್ಪ, ಪಕ್ಕದಲ್ಲಿ ಅಜ್ಜಿ

ಈಗ ಯಾವ ವಿಳಾಸಕ್ಕೂ ಸಿಗದ ಪರಮಪೂಜ್ಯ ತಾತನವರ ಪಾದಗಳಿಗೆ,

ನಿಮ್ಮ ಧರ್ಮಪತ್ನಿಯವರ ಕಣ್ಣಿನ ಪೊರೆ ತೆಗೆಸುವ ಸಂಬಂಧ ಇಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ನಡೆದ ಘನಕಾರ್ಯದ ವರದಿ ಒಪ್ಪಿಸುತ್ತಿದ್ದೇನೆ.

ಬಾಗಿಲಲ್ಲೇ ಅಜ್ಜಿಗೆ ವೀಲ್‌ಚೇರ್ ಬಂತು. "ಆಪರೇಷನ್ ಕಣ್ಣಿಗೋ ಕಾಲಿಗೋ?" ಎಂದು ರೇಗಿದರು. ಅದರಲ್ಲಿ ಕೂತವರ ತಲೆಯ ಮೇಲೆಯೇ ಡಾಕ್ಟರು ನಿಂತವರ ಜೊತೆ ಮಾತಾಡಿ ಮುಗಿಸುತ್ತಾರೆಂಬುದು ನಿಮ್ಮನ್ನು ವೀಲ್‌ಚೇರಿನಲ್ಲಿ ಕರೆತಂದ ಸಲ ನಾನು ಕಣ್ಣಾರೆ ಕಂಡ ಸತ್ಯ. ಆದ್ದರಿಂದ ಲೋಕಕಲ್ಯಾಣಾರ್ಥವಾಗಿ, "ಚಕ್ರ ಸರಿಯಿದೆಯಾ ಕೂತು ನೋಡಪ್ಪ" ಎಂದು ತೀರ್ಥರೂಪರನ್ನು ಕೂರಿಸಿ ಸೀದಾ ಒಳಗೆ ತಳ್ಳಿದೆ. ಅಜ್ಜಿ ಪಕ್ಕದಲ್ಲಿ ಠೀವಿಯಿಂದ ನಡೆದು ಬಂದರು.

ಡಾಕ್ಟರು ಅಪ್ಪನ ಕಡೆ ನೋಡಲೂ ಇಲ್ಲ. ಅಪಾಯವೇನು, ಮಾಡಿಸದಿದ್ದರೆ ಏನಾಗುತ್ತದೆ, ಎಲ್ಲವನ್ನೂ ಅಜ್ಜಿಗೇ ವಿವರಿಸಿದರು. "ಹಾಗಾದ್ರೆ ಇವರಿಗೆ ಮಾಡಿಬಿಡೋಣ್ವಾ ಅಮ್ಮಾ? ನಿಮ್ಮ ಒಪ್ಪಿಗೆ ತಾನೇ?"

"ಇವನಿಗೆ ಯಾಕೆ? ಪೇಷಂಟ್ ನಾನು. ಮೊದಲು ಒಂದು ಕಣ್ಣಿಗೆ ಮಾಡಿ. ಅದರಲ್ಲಿ ನಿಮ್ಮ ಮುಖ ಚೆನ್ನಾಗಿ ಕಂಡ್ರೆ ಇನ್ನೊಂದಕ್ಕೂ ಒಪ್ಪಿಗೆ."

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಅಷ್ಟರಲ್ಲಿ ಅಪ್ಪ ಕೂತಲ್ಲಿಂದಲೇ ಕೈ ಎತ್ತಿದರು. ನಾನು ನೀರಿನ ಬಾಟಲಿ ಚಾಚಿದೆ. ನೀವು ಹಾಗೆ ಕೈ ಎತ್ತಿದಾಗಲೂ ನಾವು ನೀರೇ ಕೊಟ್ಟಿದ್ದೆವು. ನೀವು ಕುಡಿದಿದ್ದಿರಿ.

ಅಜ್ಜಿ ಬಾಟಲಿಯನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಅಪ್ಪನ ಮುಖ ನೋಡಿದರು. "ಏನೋ ಹೇಳ್ಬೇಕು ಅಂತಿದ್ದೀಯಲ್ಲ. ಹೇಳು."

"ಅಮ್ಮಾ, ನಾನಿನ್ನು ಇಳೀಬಹುದಾ?"

"ನನ್ನನ್ನ ಯಾಕೋ ಕೇಳ್ತೀಯ? ಕಾಲು ನಿಂದು!"