ದಾರಂದ ನಿಂತಿದೆ, ಮನೆ ಎಲ್ಲಿ?

ಸಿದ್ಧ ಮರದ ಮನೆ ಹಂಚುವ ಕಚೇರಿಯ ದೊಡ್ಡ ಅಧಿಕಾರಿಗಳಿಗೆ,

ಮಾನ್ಯರೇ,

ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದ ಪುಣ್ಯ ನಿಮ್ಮದು. ಕತ್ತಿ ಕೊಟ್ಟು ಸೊಪ್ಪು ಕಡಿ ಅನ್ನಿ, ಸಂಜೆವರೆಗೆ ಕಡಿಯುತ್ತೇನೆ. ಎರಡು ಸಾಲು ಬರೆಯುವುದರೊಳಗೆ ಬೆರಳು ಸೆಟೆದುಕೊಳ್ಳುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬಾಯಲ್ಲಿ ಹೇಳಿದ್ದೆಲ್ಲ ನಿಮ್ಮ ಕಚೇರಿಯ ಫ್ಯಾನಿನ ಗಾಳಿಗೆ ಹಾರಿಹೋಗಿದೆ. ಕಾಗುಣಿತ ನನ್ನ ಸೊಸೆ ರೇಖಾ ತಿದ್ದಿದ್ದಾಳೆ. ಸಿಟ್ಟು ತಿದ್ದಬೇಡ ಅಂತ ಅವಳಿಗೆ ಹೇಳಿದ್ದೇನೆ. ವಿಷಯ ಇಷ್ಟೇ: ನೀವು ಕೊಡುತ್ತೇವೆ ಅಂದ ಮರದ ಮನೆ ಹಿರೇಕೊಡಿಗೆಯ ನಮ್ಮ ಜಾಗಕ್ಕೆ ಬಂದಿಲ್ಲ. ನಿಮ್ಮ ಕಂಪ್ಯೂಟರಿನೊಳಗೆ ಮಾತ್ರ ಬಂದಿದೆ.

ಹೋದ ವರ್ಷದ ಮಳೆಯಲ್ಲಿ ಹಿತ್ತಿಲ ಧರೆ ಕುಸಿದು ನಮ್ಮ ಮನೆ ಮಣ್ಣುಪಾಲಾಯಿತು. ಜನ ಉಳಿದೆವು. ಮುಂಬಾಗಿಲ ದಾರಂದ, ಅಂದರೆ ಹಲಸಿನ ಮರದ ಚೌಕಟ್ಟು, ಒಂದು ಬಿರುಕೂ ಇಲ್ಲದೆ ಉಳಿಯಿತು. ದೀಪಾವಳಿ ಕಳೆದ ಮೇಲೆ ನೀವು ಮನೆ ಕಳೆದುಕೊಂಡವರನ್ನೆಲ್ಲ ಕೊಪ್ಪದಲ್ಲಿ ಒಂದು ದೊಡ್ಡ ಹಾಲ್‌ನಲ್ಲಿ ಕೂರಿಸಿ, ಗೋಡೆ ಮೇಲೆ ಚಿತ್ರ ಬಿಟ್ಟಿರಿ. ಇಟ್ಟಿಗೆ ಬೇಡ, ನೀರು ಹೊಡೆಯುವುದು ಬೇಡ, ಮನೆ ತುಂಡು ತುಂಡಾಗಿ ಲಾರಿಯಲ್ಲಿ ಬರುತ್ತದೆ, ನೀವು ಪಾಯ ಹಾಕಿಕೊಂಡು ಕಾಯಿರಿ, ಇಳಿಸಿದ ವಾರದೊಳಗೆ ಹಾಲುಕ್ಕಿಸಬಹುದು ಅಂದಿರಿ. ನನ್ನ ಮಗ ಸುಂದರೇಶ ಚಪ್ಪಾಳೆ ತಟ್ಟಿದ. ನಾನು ತಟ್ಟಲಿಲ್ಲ. "ಮರ ಯಾವ ಕಾಡಿಂದು?" ಅಂತ ಕೇಳಿದೆ. "ಹೊರದೇಶದ್ದು ಅಜ್ಜಿ, ಹಡಗಲ್ಲಿ ಬರುತ್ತೆ" ಅಂದಿರಿ. ಸುತ್ತ ಕಾಡು ಕಟ್ಟಿಕೊಂಡು ಕೂತವರಿಗೆ ಹಡಗಿನ ಮರ! ನಮ್ಮ ಅಂಗಳಕ್ಕೆ ಬಿದ್ದ ಮರದ ಕೊಂಬೆ ಎಳೆದು ಬದಿಗೆ ಹಾಕಿದರೆ ಪ್ರಶ್ನೆ ಕೇಳುವವರು ಜೀಪಿನಲ್ಲಿ ಬರುತ್ತಾರೆ. ಸಮುದ್ರದಾಚೆ ಯಾರು ಯಾವ ಮರ ಕಡಿದರು ಅಂತ ಕೇಳುವವರಿಲ್ಲ. ನನಗೆ ಅನುಮಾನ ಶುರುವಾಗಿದ್ದೇ ಅವತ್ತು.

ಯುಗಾದಿಗೆ ಪಾಯ ಮುಗಿಸಿದೆವು. ಮಳೆ ಹಿಡಿಯುವ ಮೊದಲು ಮನೆ ಅಂತ ನಿಮ್ಮ ಮಾತು. ಕೇಳಿದರೆ ಮೊದಲು ಹಡಗು ತಡ ಅಂದಿರಿ. ಹಡಗು ಬಂದ ಮೇಲೆ ಮರ ಹಸಿ ಇದೆ, ಆರಬೇಕು ಅಂದಿರಿ. ಮರ ಆರುವ ಹೊತ್ತಿಗೆ ಮಳೆ ಬಂತು, ಲಾರಿ ಹತ್ತುವುದಿಲ್ಲ ಅಂದಿರಿ. ಮಳೆ ಬಿಟ್ಟ ಮೇಲೆ ನಮ್ಮ ರಸ್ತೆಯ ತಿರುವು ಚಿಕ್ಕದು ಅಂದಿರಿ. ಅದೇ ತಿರುವಿನಲ್ಲಿ ನಿಮ್ಮ ಇಲಾಖೆಯ ಜೆಸಿಬಿ ಬಂದು ಹೋಗಿದೆ ಸ್ವಾಮಿ, ನಮ್ಮ ಮನೆಯ ಮಣ್ಣು ಎತ್ತಿದ್ದೇ ಅದು. ಮಣ್ಣು ಎತ್ತುವಾಗ ಅಗಲ ಇದ್ದ ತಿರುವು, ಮನೆ ಇಳಿಸುವಾಗ ಹೇಗೆ ಕಿರಿದಾಯಿತು?

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಇನ್ನು ಮುಂದಿನದು ಕೇಳಿ. ನಮ್ಮಲ್ಲಿ ಪಾಯ ಆದ ಮೇಲೆ ಗೋಡೆಗಿಂತ ಮೊದಲು ದಾರಂದ ನಿಲ್ಲಿಸಿ ಪೂಜೆ ಮಾಡುತ್ತೇವೆ. ಆಷಾಢ ಬಂದರೆ ಒಳ್ಳೆಯ ಕೆಲಸಕ್ಕೆ ಕೈ ಹಾಕುವಂತಿಲ್ಲ. ಅದಕ್ಕೇ ಜ್ಯೇಷ್ಠ ಕಳೆಯುವ ಮುಂಚೆ ಹಳೇ ದಾರಂದ ತೊಳೆದು, ಪಾಯದ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡು ಕಡೆ ಊರುಗೋಲು ಕೊಟ್ಟು, ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿದೆವು. ಗೋಡೆ ಬಂದಾಗ ಬರಲಿ, ಶಾಸ್ತ್ರ ಆಗಿರಲಿ ಅಂತ. ಮಾರನೇ ದಿನ ನಿಮ್ಮ ಕಡೆಯ ಹುಡುಗ ಪಾಯದ ಫೋಟೋ ತೆಗೆಯಲು ಬಂದ. ಸುಂದರೇಶ ಅವನಿಗೆ, "ದಾರಂದಾನೂ ಬರ್ಲಿ ಮಾರಾಯ, ಚಂದ ಕಾಣ್ತದೆ" ಅಂದ. ಅವನು ತೆಗೆದ, ಚಾ ಕುಡಿದ, ಹೋದ.

ಈಗ ತಿರುವಿನ ಮಾತು ಏನಾಯಿತು ಅಂತ ಕೇಳಲು ಮತ್ತೆ ಕಚೇರಿಗೆ ಬಂದರೆ ನಿಮ್ಮ ಗುಮಾಸ್ತರು ತಲೆ ಎತ್ತದೆ ಹೇಳಿದರು:

"ನಿಮ್ಮ ಮನೆ ಬಂದಿದೆಯಲ್ಲ ಅಜ್ಜಿ. ಬಾಗಿಲು ಕೂರಿಸಿ ಆಗಿದೆ. ಜೋಡಣೆ ಹಂತ."

"ಎಂತ ಬಾಗಿಲು? ನಮ್ಮಾವನ ಕಾಲದ ದಾರಂದ ಅದು! ನಾನು ಮದುವೆಯಾಗಿ ಬಂದಾಗ ಅದನ್ನೇ ದಾಟಿ ಒಳಗೆ ಹೋಗಿದ್ದು."

"ಫೋಟೋದಲ್ಲಿ ಬಾಗಿಲಿದೆ, ಮರದ್ದೇ ಇದೆ. ನಾನೆಂತ ಮಾಡ್ಲಿ?"

"ಬಾಗಿಲ ಹಿಂದೆ ಗೋಡೆ ಇದೆಯಾ ನೋಡು ಮಾರಾಯ. ನಮ್ಮ ದನ ಕಾಣ್ತದೆ!"

"ಒಮ್ಮೆ ಹಂತ ಮುಂದೆ ಹೋದರೆ ಸಿಸ್ಟಮ್ಮಿನಲ್ಲಿ ಹಿಂದೆ ಬರೋದಿಲ್ಲ ಅಜ್ಜಿ. ಒಂದು ಕೆಲಸ ಮಾಡಿ. ಆ ಚೌಕಟ್ಟು ಕಿತ್ತು ತೆಗೆದು, ಖಾಲಿ ಪಾಯದ ಹೊಸ ಫೋಟೋ ಕೊಡಿ. ಹೊಸ ಸಾಲಲ್ಲಿ ಸೇರಿಸ್ತೀವಿ."

ಪೂಜೆ ಮಾಡಿ ನಿಲ್ಲಿಸಿದ ದಾರಂದ ಕೀಳುವುದು ನಮ್ಮಲ್ಲಿ ಇಲ್ಲ. ಮನೆ ಮುಗಿಯಿತು, ವಂಶ ಎದ್ದು ಹೋಯಿತು ಅನ್ನುವವರು ಕೀಳುತ್ತಾರೆ. ಅದು ನಿಮಗೆ ಮೂಢನಂಬಿಕೆ ಅನ್ನಿಸಬಹುದು, ಇರಲಿ. ನನ್ನ ಇನ್ನೊಂದು ಅನುಮಾನಕ್ಕೆ ಉತ್ತರ ಹೇಳಿ. ಮನೆ ಬಂತು ಅಂತ ನಿಮ್ಮಲ್ಲಿ ಬರೆದಾಗಿದೆ. ನಾಳೆ ಖಾಲಿ ಪಾಯದ ಫೋಟೋ ನಾನೇ ಕೊಟ್ಟರೆ, ಬಂದ ಮನೆಯನ್ನು ಈ ಹೊನ್ನಕ್ಕನೇ ಬಿಚ್ಚಿ ಮಾರಿಕೊಂಡಳು ಅಂತ ಬರೆಯಲು ನಿಮಗೆ ಎಷ್ಟು ಹೊತ್ತು ಬೇಕು? ಓದು ಬಿಟ್ಟಿದ್ದೇನೆ ಸ್ವಾಮಿ, ಬುದ್ಧಿ ಬಿಟ್ಟಿಲ್ಲ.

ಇನ್ನೂ ಒಂದಿದೆ. ಅವತ್ತು ಕಚೇರಿಯಿಂದ ಹೊರಟು ಹರಿಹರಪುರದಲ್ಲಿ ಬಸ್ಸು ಇಳಿದಾಗ ಚಾದಂಗಡಿ ಎದುರು ಒಂದು ಲಾರಿ ನಿಂತಿತ್ತು. ನೀಲಿ ಟಾರ್ಪಾಲಿನ ಅಡಿಯಲ್ಲಿ ಬಿಳಿ ಮರದ ಹಲಗೆ, ಒಂದೊಂದಕ್ಕೂ ನಂಬರು. ನೀವು ಗೋಡೆ ಮೇಲೆ ತೋರಿಸಿದ ಚಿತ್ರದಲ್ಲಿ ಇದ್ದಂತೆಯೇ. "ಎಲ್ಲಿಗೆ ಮಾರಾಯ?" ಅಂದೆ. "ಗುಡ್ಡದ ಮೇಲೆ ಹೋಂಸ್ಟೇಗೆ ಅಜ್ಜಿ. ನಾಲ್ಕನೇ ಮನೆ ಇದು" ಅಂದ ಡ್ರೈವರ್. ಅದು ನನ್ನ ಮನೆಯೇ ಅಂತ ನಾನು ಆಣೆ ಇಡುವುದಿಲ್ಲ. ದುಡ್ಡು ಕೊಟ್ಟು ತರಿಸಿಕೊಂಡದ್ದೂ ಇರಬಹುದು. ಆದರೆ ಗುಡ್ಡ ಹತ್ತುವ ಲಾರಿ ನಮ್ಮ ತಿರುವು ತಿರುಗುವುದಿಲ್ಲ ಅಂದರೆ ನಂಬುವವರು ಯಾರು? ನನಗೆ ಬಂತು ಅಂತ ಲೆಕ್ಕ ಆದ ಮನೆ, ಅದನ್ನು ಕಳಿಸುವ ಕಂಪನಿಯಿಂದ ಹೊರಟಿದೆಯಾ ಇಲ್ಲವಾ? ಹೊರಟಿದ್ದರೆ ಇಳಿದದ್ದು ಎಲ್ಲಿ? ಹೊರಡದೇ ಇದ್ದರೆ ಬಂತು ಅಂತ ಒಪ್ಪಿಕೊಂಡವರು ಯಾರು? ಚಾ ಕುಡಿದು ಹೋದ ಆ ಹುಡುಗನ ತಲೆಗೆ ಕಟ್ಟಬೇಡಿ. ಅವನು ಕಂಡದ್ದನ್ನು ಫೋಟೋ ತೆಗೆದ. ಮನೆ ಕಂಡೆವು ಅಂದವರು ನೀವು.

ಮುದುಕಿಗೆ ಇಷ್ಟು ಅವಸರ ಯಾಕೆ ಅಂತ ನಿಮ್ಮ ಗುಮಾಸ್ತರು ನಕ್ಕರು. ಅವಸರ ನನಗಲ್ಲ. ಮೊಮ್ಮಗಳು ಕಾವ್ಯ, ಸುಂದರೇಶನ ಮಗಳು, ಕಡಹಿನಬೈಲಿಗೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ಡಿಸೆಂಬರಿನಲ್ಲಿ ಹೆರಿಗೆ. ಚೊಚ್ಚಲ ಬಾಣಂತನ ತವರಿನ ಹಕ್ಕು. ನಾವು ಈಗ ಇರುವುದು ತೋಟದ ಒಡತಿ ವನಜಮ್ಮನವರು ಬಿಟ್ಟುಕೊಟ್ಟ ಗೊಬ್ಬರದ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಅಡಿಗೆ, ಇನ್ನೊಂದು ಮೂಲೆಯಲ್ಲಿ ಮದ್ದು ಹೊಡೆಯುವ ಮೈಲುತುತ್ತದ ಚೀಲ. ಅವರದ್ದೇನೂ ತಪ್ಪಿಲ್ಲ, ಅಷ್ಟಾದರೂ ಕೊಟ್ಟರು. ಆದರೆ ಹಸುಗೂಸನ್ನು ಆ ವಾಸನೆಯಲ್ಲಿ ಮಲಗಿಸಲಾ? ಕಾವ್ಯಳ ಅತ್ತೆ, ಬೀಗಿತ್ತಿ ಸುಬ್ಬಮ್ಮ ಮೊನ್ನೆ ಫೋನಿನಲ್ಲೇ ಚುಚ್ಚಿದಳು: "ಬರೀ ಬಾಗಿಲಿನ ಮನೆಗೆ ಹೇಗೆ ಕಳಿಸೋದು ಹೊನ್ನಕ್ಕ? ನಾವೇ ಮಾಡ್ಕಳ್ತೀವಿ ಬಿಡಿ ಬಾಣಂತನ." ಬಾಯಿಗೆ ಬಂದದ್ದನ್ನು ನುಂಗಿದೆ. ನಾನು ನುಂಗುವವಳಲ್ಲ, ಊರಿಗೇ ಗೊತ್ತು. ಆಮೇಲೆ ಕಾವ್ಯ ಫೋನು ಕಸಿದುಕೊಂಡು, "ಅಜ್ಜೀ, ದಾರಂದದ ಕೆಳಗೆ ಚಾಪೆ ಹಾಕು, ನಾನು ಅಲ್ಲೇ ಬಂದು ಮಲಗ್ತೀನಿ" ಅಂತ ನಗಿಸಿದಳು. ನಗು ಮುಗಿಯುವ ಮೊದಲೇ ಫೋನು ಇಟ್ಟುಬಿಟ್ಟಳು. ಅದಕ್ಕೇ ಈ ಪತ್ರ.

ದಾರಂದ ನಾನು ಕೀಳುವುದಿಲ್ಲ. ಹೊಸ ಸಾಲಿಗೂ ನಿಲ್ಲುವುದಿಲ್ಲ. ನನ್ನ ಮನೆ ಎಲ್ಲಿದೆ, ಹಿರೇಕೊಡಿಗೆಗೆ ಯಾವತ್ತು ಬರುತ್ತದೆ, ಈ ಎರಡಕ್ಕೆ ಉತ್ತರ ಬೇಕು. ಪರಿಶೀಲಿಸಲಾಗುತ್ತಿದೆ ಅನ್ನುವ ಕಾಗದ ಬೇಡ, ಅದು ಒಲೆ ಹಚ್ಚಲೂ ಸಾಲುವುದಿಲ್ಲ. ನಿಮ್ಮ ರುಜು ಹಾಕಿದ ಉತ್ತರ ನವೆಂಬರ್ ಹತ್ತನೇ ತಾರೀಕಿನೊಳಗೆ ನನ್ನ ಕೈಗೆ ಬರಬೇಕು.

"ನಿಮ್ಮ ವಿಶ್ವಾಸಿ" ಅಂತ ಬರೆಯಬೇಕು ಅಂದಳು ರೇಖಾ. ವಿಶ್ವಾಸ ಉಳಿದಿಲ್ಲ, ಹಾಗಾಗಿ ಬರೀ

ಇಂತಿ,
ಹೊನ್ನಕ್ಕ
ಸದ್ಯಕ್ಕೆ ಗೊಬ್ಬರದ ಕೋಣೆ, ಹಿರೇಕೊಡಿಗೆ