ನಮ್ಮ ಕೈ ಕಾಣದ ನಲ್ಲಿ

ಮಾನ್ಯ ಗ್ರಂಥಾಲಯ ನಿರ್ದೇಶಕರೇ,

ಹಾರ್ಲನ್ ರಸ್ತೆಯ ಶಾಖೆಯಲ್ಲಿ ಕಪ್ಪು ಮಕ್ಕಳಿಗಾಗಿ ನಡೆಯುವ ಉಚಿತ ವಿಜ್ಞಾನ ಮತ್ತು ಕೋಡಿಂಗ್ ಕ್ಲಬ್ಬಿನಿಂದ ನನ್ನನ್ನು ಹೊರಗೆ ಹಾಕಿದ್ದೀರಿ. ‘ಶಾಲೆಗೆ ಹೋಗುತ್ತಿರುವವರಿಗೆ ಮಾತ್ರ’ ಎಂಬ ನಿಮ್ಮ ಹೊಸ ನಿಯಮ ಯಾರ ಹೆಸರನ್ನೂ ಹೇಳುವುದಿಲ್ಲ, ನಿಜ. ಆದರೆ ಅಲ್ಲಿ ಶಾಲೆ ಬಿಟ್ಟವಳು ನಾನೊಬ್ಬಳೇ. ಯಾಕೆ ಬಿಟ್ಟೆ ಎಂದು ಕೇಳುವವರಿಗೆ ಕಣ್ಣೀರಿನ ಕಥೆ ಬೇಕು. ನನ್ನಲ್ಲಿ ಅಂಥದ್ದಿಲ್ಲ. ಕೂರಲಾಗಲಿಲ್ಲ, ಎದ್ದು ಬಂದೆ. ಆ ಕ್ಲಬ್ಬಿನಲ್ಲಿ ಮಾತ್ರ ಕೂರಲು ಆಗುತ್ತಿತ್ತು.

ನಿಮ್ಮ ಶೌಚಾಲಯದ ನಲ್ಲಿಯ ವಿಷಯಕ್ಕೆ ಬರೋಣ. ಕೈಯೊಡ್ಡಿದರೆ ತಾನಾಗಿ ನೀರು ಬಿಡುವ ನಲ್ಲಿ. ಅದು ಬೀರುವ ಬೆಳಕು ನಮ್ಮ ಕಪ್ಪು ಚರ್ಮದಿಂದ ಸಾಕಷ್ಟು ಮರಳುವುದಿಲ್ಲ, ಹಾಗಾಗಿ ಅದಕ್ಕೆ ನಮ್ಮ ಕೈ ಕಾಣುವುದಿಲ್ಲ. ಸೋಪು ಹಚ್ಚಿಕೊಂಡು ನಿಂತೇ ಇರಬೇಕು. ನಮ್ಮ ಅಂಗೈ ಮಾತ್ರ ತಿಳಿ ಬಣ್ಣದ್ದು. ಅದನ್ನು ಮೇಲಕ್ಕೆ ತಿರುಗಿಸಿದರೆ ಒಮ್ಮೊಮ್ಮೆ ನೀರು ಬರುತ್ತದೆ. “ಬೇಡೋ ಥರ ಹಿಡಿಯೇ, ಅದಕ್ಕೂ ಕರುಣೆ ಬರುತ್ತೆ,” ಎನ್ನುತ್ತಾಳೆ ಗೆಳತಿ ಕೆಜಾಯಾ. ನಮ್ಮ ಓಣಿಯ ಚಿಕ್ಕ ಮಕ್ಕಳಿಗೂ ಈ ವಿದ್ಯೆ ಗೊತ್ತು.

ಬೇಡದೆ ನೀರು ಬರುವ ನಲ್ಲಿ ಮಾಡೋಣವೆಂದು ಕ್ಲಬ್ಬಿನಲ್ಲಿ ಹೊರಟೆವು. ಪ್ರೋಗ್ರಾಂ ನಾನು ಬರೆದೆ: ನಲ್ಲಿ ಬೀರುವ ಬೆಳಕು ಕಡಿಮೆ ಮರಳಿ ಬಂದರೆ ಅದು ಕೈ, ನೀರು ಬಿಡು, ಹೆಚ್ಚು ಬಂದರೆ ಬಿಳಿ ಬೇಸಿನ್, ಸುಮ್ಮನಿರು. ಅಂಗೈ ಕೆಳಗೆ ಮಾಡಿ ಎಲ್ಲರ ಕೈಯನ್ನೂ ಪರೀಕ್ಷಿಸಿದೆವು. ಎಲ್ಲರೆಂದರೆ ನಾವೇ. ಲೋಕದಲ್ಲಿ ಬಿಳಿಯ ಕೈಯೂ ಇದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ಪ್ರದರ್ಶನದ ದಿನ ನೀವು ಬಂದಿರಿ, ಕೋಟಿನ ತೋಳು ಸರಿಸಿ ಕೈಯೊಡ್ಡಿದಿರಿ. ನಲ್ಲಿ ನಿಮ್ಮನ್ನು ಬೇಸಿನ್ ಎಂದುಕೊಂಡಿತು.

“ಅಂಗೈ ತಿರುಗಿಸಿ ಸರ್, ಬೇಡೋ ಥರ!” ಎಂದಳು ಕೆಜಾಯಾ. ತಿರುಗಿಸಿದಿರಿ. ಆಗಲೂ ಬರಲಿಲ್ಲ. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ, ಮುಚ್ಚಿಡುವುದಿಲ್ಲ. ಮುಂದಿನ ವಾರವೇ ನಿಯಮ ಬಂತು. ಕಾಕತಾಳೀಯ ಇರಬಹುದು, ನಿಮ್ಮ ನಲ್ಲಿಗೂ ನಮ್ಮ ಮೇಲೆ ದ್ವೇಷವೇನಿಲ್ಲವಲ್ಲ. ನಮ್ಮ ನಲ್ಲಿಗೆ ಒಂದು ಕೈ ಒಮ್ಮೆ ಕಾಣಲಿಲ್ಲ, ಅದನ್ನು ಮಾಡಿದವಳಿಗೆ ಬಾಗಿಲು ಮುಚ್ಚಿತು. ನಿಮ್ಮ ನಲ್ಲಿಗೆ ನಮ್ಮ ಕೈ ದಿನವೂ ಕಾಣುವುದಿಲ್ಲ. ಅದನ್ನು ಮಾಡಿದವರಿಗೆ ಯಾವ ಬಾಗಿಲು ಮುಚ್ಚಿದಿರಿ?

ಶಾಲೆಗೆ ಮರಳೋಣವೆಂದರೆ ಬೇಸಿಗೆ ಕಳೆಯುವವರೆಗೆ ಸೇರಿಸಿಕೊಳ್ಳುವುದಿಲ್ಲ. ವಯಸ್ಕರ ತರಗತಿಗೆ ನಾನಿನ್ನೂ ಚಿಕ್ಕವಳು.

“ಹಳೇ ಶಾಲೆ ಹೆಸ್ರು ಹೇಳ್ಬಿಡೇ, ಯಾರು ಹೋಗಿ ವಿಚಾರಿಸ್ತಾರೆ?” ಎಂದಳು ಕೆಜಾಯಾ.

“ಸುಳ್ಳು ಹೇಳಿ ಒಳಗೆ ಬಂದ್ರೆ ಪ್ರತಿ ಶನಿವಾರ ಆ ಸುಳ್ಳಿನ ಪಕ್ಕದಲ್ಲೇ ಕೂರ್ಬೇಕು ಕಣೇ,” ಎಂದೆ.

ಕ್ಲಬ್ ನಡೆಸುವ ಮಿಸ್ ಅರ್ನೆಟ್ಟಾ ನನ್ನ ತಲೆ ಸವರಿದರು. “ಕೋಣೆ ಬೀಗದ ಕೈ ನನ್ನ ಹತ್ರ ಇದೆ ಮಗಳೇ. ನಿಯಮದ್ದು ಇಲ್ಲ.”

ಈಗ ಶನಿವಾರಗಳಂದು ಆ ಕೋಣೆಯ ಗಾಜಿನ ಹೊರಗೆ ನಿಲ್ಲುತ್ತೇನೆ. ಒಳಗೆ ನನ್ನ ಪ್ರೋಗ್ರಾಮನ್ನು ತಪ್ಪುತಪ್ಪಾಗಿ ತಿದ್ದುತ್ತಿದ್ದಾರೆ. ಗಾಜು ತಟ್ಟಿದರೆ ಕಾವಲುಗಾರ ಬರುತ್ತಾನೆ.

ಕೇಳುವುದಿಷ್ಟೇ: ಆ ನಿಯಮ ತೆಗೆಯಿರಿ. ನಮ್ಮ ನಲ್ಲಿಗೆ ನಿಮ್ಮ ಕೈ ಕಾಣುವಂತೆ ನಾನೇ ಮಾಡುತ್ತೇನೆ, ನಿಮ್ಮ ನಲ್ಲಿಯನ್ನು ಯಾರು ಸರಿಮಾಡುತ್ತಾರೆಂದು ನೀವು ಹೇಳಿ. ಇದನ್ನು ನಾನು ಅಂಗೈ ಮೇಲೆ ಮಾಡಿ ಕೇಳುತ್ತಿಲ್ಲ.

ಇಂತಿ,
ಸೋಪು ಹಚ್ಚಿದ ಕೈಯಲ್ಲಿ ಇನ್ನೂ ನಿಂತಿರುವ
ಡೆಲ್ಫೀನ್ ಬ್ಯಾಂಕ್‌ಸ್ಟನ್
ಹಾರ್ಲನ್ ರಸ್ತೆ, ಓಹಾಯೋ